ಮಿತಿಯೊಳಗೇ ಇದೆ

ಟ್ರಾಮು ಹಾದಾಗಲೆಲ್ಲ ನನ್ನ ಅಂಗಡಿಯ ಸ್ಕ್ರೂಗಳು
ತಟ್ಟೆಯಲ್ಲಿ ಕುಣಿಯುತ್ತವೆ.
ಓಸ್ತ್ರವಾ. ಫೆಬ್ರವರಿ. ಹೊರಗೆ ಮೈನಸ್ ಒಂಬತ್ತು.
ಒಳಗೆ, ಮೇಜಿನ ಮೇಲೆ, ಕ್ರಿಶ್ತೋಫ್ ಹೊತ್ತು ತಂದ ಡಬ್ಬಿಯಲ್ಲಿ
ನೂರಾಹತ್ತು.

ಹುಡುಗ ಸೇತುವೆ ಬಿಡಿಸುತ್ತಾನೆ, ಇನ್ನೂ ಯಾರೂ ಕಟ್ಟದ ಸೇತುವೆ.
ಕಂಬಕ್ಕೆ ಬಿಸಿಲು ಬೀಳಿಸಬೇಕು, ನೆರಳು ಎಳೆಯಬೇಕು,
ಕೆಳಗಿನ ಹೊಳೆಗೆ ಅಲೆ ಕೊಡಬೇಕು.
ಅಲೆ ಏಳುವಷ್ಟರಲ್ಲಿ ಫ್ಯಾನು ಅರಚುತ್ತದೆ,
ಪರದೆ ಕಪ್ಪು.
ಎರಡು ಚಳಿಗಾಲ ಮನೆಮನೆಗೆ ಪಿಜ್ಜಾ ಹೊತ್ತು
ಕೂಡಿಟ್ಟ ದುಡ್ಡಿನ ಗ್ರಾಫಿಕ್ಸ್ ಕಾರ್ಡು.

ಕಂಪನಿಯ ಮೊದಲ ಪತ್ರ ತೋರಿಸಿದ:
'ತಾವು ತಿಳಿಸಿದ ಉಷ್ಣಾಂಶ ನಿಗದಿತ ಮಿತಿಯೊಳಗೇ ಇದೆ.'

ನಗು ಬಂತು.
ಇಪ್ಪತ್ತೊಂದು ವರ್ಷ ಉಕ್ಕಿನ ಕುಲುಮೆಯ ಬಾಯಲ್ಲಿ ನಿಂತು
ಉರಿ ಅಳೆದವಳು ನಾನು, ವ್ಲಾಸ್ತಿಮಿಲಾ;
ಹುಬ್ಬು ಸುಟ್ಟುಕೊಂಡು ಮತ್ತೆ ಬೆಳೆಸಿಕೊಂಡವಳು.
ಅಲ್ಲಿ ಸಾವಿರದೈನೂರನ್ನೂ ಮಿತಿ ಅಂತಲೇ ಕರೆಯುತ್ತಿದ್ದೆವು.
ಆದರೆ ಗೋಡೆಯ ಇಟ್ಟಿಗೆ ಕೆಂಪಗಾದ ರಾತ್ರಿ
ಯಾರೂ ಪುಸ್ತಕ ತೆರೆದು ನೋಡಲಿಲ್ಲ.
ಓಡಿದೆವು.

ಎರಡನೆಯ ಪತ್ರ: ಕೋಣೆಯ ಕಿಟಕಿ ತೆರೆದಿಡಿ.
ಮೈನಸ್ ಒಂಬತ್ತು, ಹೇಳಿದೆನಲ್ಲ.
ಮೂರನೆಯದು: ಧೂಳು ಒರೆಸಿ.
ತಿಂಗಳೂ ತುಂಬದ ಹಸುಗೂಸು, ಅದರ ಮೈಮೇಲೆ ಎಲ್ಲಿಯ ಧೂಳು?
ಕೆಳಗೆ ಸಹಿಯಿಲ್ಲ, 'ಗ್ರಾಹಕ ಸೇವಾ ತಂಡ' ಎಂದಷ್ಟೇ.
ತಂಡಕ್ಕೆ ಕೈಯಿರುವುದಿಲ್ಲ,
ಹಾಗಾಗಿ ಸುಡುವುದೂ ಇಲ್ಲ.

ನಾಲ್ಕನೆಯದರಲ್ಲಿ, ವಿಷಾದ, ಧನ್ಯವಾದ, ದೂರಿನ ಸಂಖ್ಯೆಗಳ ನಡುವೆ
ಒಂದೇ ಒಂದು ಸಾಲು ಬೇರೆ ದನಿಯಲ್ಲಿತ್ತು:
'ನಿಮ್ಮ ಡಬ್ಬಿ ನಿಂತಿದೆಯೋ, ಮಲಗಿದೆಯೋ?'

ಕನ್ನಡಕ ತೆಗೆದಿಟ್ಟೆ.
ಗೊತ್ತಿಲ್ಲದವರು ಇಂಥದನ್ನು ಕೇಳುವುದಿಲ್ಲ.
ಹೊಟ್ಟೆನೋವೆಂದು ಹೋದವನಿಗೆ ಡಾಕ್ಟರು
'ಆ ಬಾವಿಯ ನೀರು ಕುಡಿದೆಯಾ' ಅಂದರೆ
ಬಾವಿಯ ಕಥೆ ಅವರಿಗೆ ಮೊದಲೇ ಗೊತ್ತು.

ಡಬ್ಬಿಯನ್ನು ಮೆಲ್ಲಗೆ ಮಗ್ಗುಲಿಗೆ ಮಲಗಿಸಿದೆ.
ನೂರಾಹತ್ತು. ನೂರಾಮೂರು. ತೊಂಬತ್ತು.
ಎಂಬತ್ತೊಂದಕ್ಕೆ ಬಂದು ನಿಂತಿತು.
ಹೊಳೆಯಲ್ಲಿ ಅಲೆ ಎದ್ದಿತು.

ಇಷ್ಟೇ ವಿಷಯ:
ತಾಮ್ರದ ಚಪ್ಪಟೆ ಹೊಟ್ಟೆಯೊಳಗೆ ಒಂಚೂರು ನೀರು ಮುಚ್ಚಿಟ್ಟಿರುತ್ತಾರೆ.
ಕಾದಲ್ಲಿ ಆವಿ, ಆರಿದಲ್ಲಿ ಹನಿ,
ಯಾರ ಕಣ್ಣಿಗೂ ಬೀಳದೆ ಓಡಾಡಿಕೊಂಡಿರುತ್ತದೆ ಪಾಪ.
ಇದರಲ್ಲಿ ನೀರು ಕಮ್ಮಿ.
ನಿಂತರೆ ಹಿಂದಿರುಗಿ ಬರಲಾರದು, ಮಲಗಿದರೆ ಹೇಗೋ ಜಾರಿಕೊಂಡು ಬರುತ್ತದೆ.
ಎಲ್ಲೋ ದೂರದ ಕಾರ್ಖಾನೆಯಲ್ಲಿ ಸೂಜಿಯೊಂದು ಕಟ್ಟಿಕೊಂಡಿರಬೇಕು,
ಇಲ್ಲವೇ ಯಾರೋ ಲೆಕ್ಕ ಹಾಕಿ ಉಳಿಸಿರಬೇಕು.
ಹನಿಗೂಡಿದರೆ ಹಳ್ಳ ಅನ್ನುತ್ತಾರೆ;
ಹನಿ ತಪ್ಪಿದರೆ ಏನೆಂದು ಯಾರೂ ಗಾದೆ ಕಟ್ಟಿಲ್ಲ.

'ಸರಿಹೋಯ್ತಾ?' ಅಂದ ಕ್ರಿಶ್ತೋಫ್.
'ಇಲ್ಲ. ಮಲಗಿದೆ.'

ಬಿಚ್ಚಿ ತೋರಿಸಬಹುದಿತ್ತು. ಆದರೆ ಸ್ಕ್ರೂವಿನ ನೆತ್ತಿಯ ಮೇಲೆ
ಉಗುರಗಲದ ಚೀಟಿ: ಹರಿದರೆ ಹೊಣೆ ನಮ್ಮದಲ್ಲ.
ಅಷ್ಟು ದೊಡ್ಡ ಕಂಪನಿಯ ಹೊಣೆಯೆಲ್ಲ
ಆ ಉಗುರಗಲದಲ್ಲಿ ಕಾಲು ಮಡಚಿ ಕೂತಿದೆ.

ಹಿಮ ಕರಗುವ ಹೊತ್ತಿಗೆ ಪ್ರಕಟಣೆ ಬಂತು:
'ಕೆಲವೇ ಕೆಲವು ಕಾರ್ಡುಗಳು', 'ಅತ್ಯಲ್ಪ ಪ್ರಮಾಣ', 'ಬದಲಿಸಿಕೊಡಲಾಗುವುದು'.
ನನ್ನ ಕಪಾಟಿನಲ್ಲೇ ಏಳು ಮಲಗಿವೆ.

ಪ್ರಕಟಣೆಯಲ್ಲಿ ನಾನು ಹುಡುಕಿದ್ದು ಆ ಒಂದು ಸಾಲಿನವರನ್ನು.
ನಿಂತಿದೆಯೋ, ಮಲಗಿದೆಯೋ:
ಯಾವ ಮೇಜಿಗೆ ಕೂತು, ಯಾರ ಕಣ್ಣು ತಪ್ಪಿಸಿ ಬರೆದರೋ.
ಕುಲುಮೆಯಲ್ಲೂ ಒಬ್ಬನಿದ್ದ, ಹಾನುಷ್.
ಮೇಲಿನವರು 'ಏನಿಲ್ಲ, ಏನಿಲ್ಲ' ಅನ್ನುತ್ತಿರುವಾಗ
ಎದುರಾಡದೆ, ಇಟ್ಟಿಗೆಯ ಕಡೆಗೆ
ಕಣ್ಣು ಹೊರಳಿಸಿದ, ಅಷ್ಟೇ.
ಅಷ್ಟಕ್ಕೇ ಬದುಕಿದೆವು ಹದಿನಾಲ್ಕು ಜನ.

ಕ್ರಿಶ್ತೋಫನ ಹೆಸರಲ್ಲಿ ನಾನೇ ಉತ್ತರ ಬರೆದೆ:
ನಿಂತಿತ್ತು. ಮಲಗಿಸಿದ್ದೇವೆ.
ನೀವು ಕೇಳಿದ್ದು
ಕೇಳಿಸಿತು.