ಹೇಳಬಾರದ ಕ

ಫರ್ವಾನಿಯಾದ ಹಿಂದಿನ ಗಲ್ಲಿಯಲ್ಲಿ
ನಮ್ಮ ಅಂಗಡಿಗೆ ಅರಬಿಯಲ್ಲಿ ಮಸ್ಬಗಾ ಎಂದು ಹೆಸರು.
ಅಂದರೆ ಬಣ್ಣ ಹಾಕುವ ಮನೆ.
ಒಳಗೆ ಬಣ್ಣವಿಲ್ಲ. ಇಸ್ತ್ರಿ, ಹಬೆ, ಗಂಜಿ,
ಬಿಳಿ ದಿಶ್‌ದಾಶಾಗಳ ಸಾಲು,
ಕಾಲರಿನ ಬೆವರುಗೆರೆ ತೆಗೆಯುವ ಸೀಸೆ.
ಇಡೀ ಕುವೈತಿನಲ್ಲಿ ಲಾಂಡ್ರಿಗೆ ಹೀಗೇ ಅನ್ನುತ್ತಾರೆ,
ಯಾರೂ ತಲೆ ಕೆಡಿಸಿಕೊಂಡಿಲ್ಲ.

ನನ್ನ ಹೆಸರಿನ ಕಥೆಯೂ ಅಷ್ಟೇ.
ಪಾಸ್‌ಪೋರ್ಟಿನಲ್ಲಿ ಈರಬಸಪ್ಪ ನೀಲಗಾರ.
ಗುಳೇದಗುಡ್ಡದಲ್ಲಿ ಮುತ್ತ್ಯಾನ ಕೈ ಮೊಳಕೈತನಕ ನೀಲಿ ಇತ್ತಂತೆ,
ಉಣ್ಣುವಾಗ ರೊಟ್ಟಿಗೂ ಹತ್ತುತ್ತಿತ್ತಂತೆ.
ನನ್ನ ಕೈ ನೋಡಿ: ಸುಟ್ಟ ಗುರುತು ಎರಡು, ಬಣ್ಣ ಸೊನ್ನೆ.

ಕೌಂಟರಿನ ಮಾರಿವಿಕ್ ಇಂಗ್ಲಿಷ್ ಕಲಿಸುತ್ತಾಳೆ,
ರಾತ್ರಿ ಹತ್ತರ ಮೇಲೆ, ಹಳೇ ಬಿಲ್ಲಿನ ಬೆನ್ನಿಗೆ ಬರೆದು.
ಡೈ ಅಂದರೆ ಬಣ್ಣ ಹಾಕು.
ಡೈ ಅಂದರೆ ಸಾಯಿ.
ಕಿವಿಗೆ ಎರಡೂ ಒಂದೇ, ಕಣ್ಣಿಗೆ ಬೇರೆ.
ಬಣ್ಣ ಹಾಕುತ್ತಿದ್ದೇನೆ ಎಂದು ಬರೆಯುವಾಗ
ನಡುವೆ ಒಂದು ಇ ಉಳಿಸಿಕೊಳ್ಳಬೇಕು.
ಬಿಟ್ಟೆಯೋ, ಹೋದೆ.
ಅಂಗಿ ಗುಂಡಿಯಷ್ಟು ಅಕ್ಷರ,
ಅದರ ಮೇಲೆ ಒಬ್ಬನ ಜೀವ!
ನಮ್ಮಲ್ಲಿ ಬರೆದದ್ದನ್ನೇ ಓದುತ್ತೇವೆ ಅಂದೆ.
ಮತ್ತೆ ಸುಳ್ಳು ಯಾವಾಗ ಹೇಳುತ್ತೀರಿ, ಕೇಳಿದಳು.

ಟೈ ಅಂದರೆ ಕಟ್ಟು. ಸಾಹೇಬನ ಕೊರಳಿಗೂ ಅದೇ, ಕರುವಿನ ಕೊರಳಿಗೂ ಅದೇ,
ಪಂದ್ಯದಲ್ಲಿ ಯಾರೂ ಗೆಲ್ಲದಿದ್ದರೂ ಅದೇ.
ನಾಟ್ ಅಂದರೆ ಗಂಟು.
ಮುಂದೆ ಒಂದು ಕ ಇದೆ, ಹೇಳಬಾರದು.
ಯಾಕೆ?
ಹೇಳಬಾರದು, ಅಷ್ಟೇ.
ಹಾಗಾದರೆ ಅದು ಅಲ್ಲಿ ಯಾಕೆ ನಿಂತಿದೆ?

ಹಬೆಯಾಚೆ ಮೊಫಿಜುಲ್ ನಕ್ಕ.
ಅವನ ಅಖಾಮಾ ಮುಗಿದು ಹದಿನಾಲ್ಕು ತಿಂಗಳು.
ಹಾಜರಿ ಪುಸ್ತಕದಲ್ಲಿಲ್ಲ, ಸಂಬಳದ ಪಟ್ಟಿಯಲ್ಲಿಲ್ಲ,
ಇಸ್ತ್ರಿ ಮೇಜಿನ ಮುಂದೆ ಇದ್ದಾನೆ.
ಪೊಲೀಸ್ ಗಾಡಿ ಗಲ್ಲಿಗೆ ತಿರುಗಿದರೆ
ನಾವು ಅವನನ್ನು ಹೇಳುವುದಿಲ್ಲ.

ಮಾರ್ಚಿಯಲ್ಲಿ ಎದುರು ಕಟ್ಟಡದ ಹುಡುಗಿ, ದಾನಾ,
ಬಿಳಿ ಟೀ ಶರ್ಟು ತಂದಳು. ಶಾಲೆಗೆ ಟೈ ಡೈ ಬೇಕು.
ಇಲ್ಲಿ ಮಾಡುವುದಿಲ್ಲಮ್ಮ ಅಂದರೆ
ಬೋರ್ಡು ತೋರಿಸಿದಳು.

ಅತ್ತಿಗೆ ಫೋನು ಹಚ್ಚಿದೆ.
ಬಿಗಿ ಕಟ್ಟು ತಮ್ಮಾ, ಉಪ್ಪು ಮರೀಬ್ಯಾಡ.
ಕಟ್ಟಿದ ಜಾಗಕ್ಕ ಬಣ್ಣ ಹೋಗಂಗಿಲ್ಲ.
ಎಲ್ಲಿ ಹೋಗಂಗಿಲ್ಲೋ ಅದಽ ಹೂವು.

ಕಟ್ಟಿದವನು ಮೊಫಿಜುಲ್. ಊರಲ್ಲಿ ಬಲೆ ಹೆಣೆದ ಬೆರಳು.
ಇಪ್ಪತ್ತೊಂದು ಗಂಟು, ಒಂದೊಂದೂ ಮೆಣಸಿನಕಾಳಿನಷ್ಟು.
ಚಹಾದ ಪಾತ್ರೆಯಲ್ಲಿ ನೀಲಿ ಕುದಿಸಿದೆವು,
ಮೂರು ದಿನ ಚಹಾ ಇಲ್ಲ.
ಬಿಲ್ಲು ನಾನೇ ಬರೆದೆ, ಇ ಮರೆತೆ.
ಮ್ಯಾನೇಜರ್ ಬದವಿ ಕನ್ನಡಕ ಏರಿಸಿ ಓದಿದ:
ಯಾರಪ್ಪಾ ಸಾಯುತ್ತಿರುವುದು, ಒಂದೂವರೆ ದಿನಾರಿಗೆ?

ಗುರುವಾರ ರಾತ್ರಿ ತಪಾಸಣೆ.
ಮೊಫಿಜುಲ್ ಖುಬ್ಬೂಸ್ ತರಲು ಹೋಗಿದ್ದ.
ಬಸ್ಸಿಗೆ ಹತ್ತಿಸಿದ್ದನ್ನು ಬಕಾಲಾದವನು ನೋಡಿದನಂತೆ.
ಅವನ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು.
ನೂರು ತುಂಬಿ ಹಸಿರಾಯಿತು.

ಶನಿವಾರ ಶರ್ಟು ಬಿಚ್ಚಿದೆವು.
ಇಪ್ಪತ್ತು ಗಂಟು ಸಡಿಲಿದವು, ಇಪ್ಪತ್ತು ಬಿಳಿ ಉಂಗುರ.
ಇಪ್ಪತ್ತೊಂದನೆಯದು ಸೂಜಿಗೆ ಬಗ್ಗಲಿಲ್ಲ,
ಕತ್ತರಿ ಹಾಕಲು ನನಗೆ ಮನಸ್ಸಾಗಲಿಲ್ಲ.
ಹಲ್ಲು ಹಾಕಿದೆ. ನಾಲಗೆ ನೀಲಿಯಾಯಿತು, ಉಪ್ಪುಪ್ಪು.
ಮುತ್ತ್ಯಾನ ರೊಟ್ಟಿಯ ರುಚಿ ಹೀಗೇ ಇತ್ತೇನೋ.

ಇರಲಿ ಬಿಡಿ ಅಂಕಲ್, ಅಂದಳು ದಾನಾ,
ಅದೊಂದು ಹಾಗೇ ಇರಲಿ.
ಇಂಗ್ಲಿಷಿನಲ್ಲಿ ಅದಕ್ಕೇನನ್ನುತ್ತಾರೆ ಗೊತ್ತಾ ಎಂದು
ನನಗೇ ಪರೀಕ್ಷೆ ಇಟ್ಟಳು.

ಗೊತ್ತು.
ಕ್ನಾಟ್, ಅಂದೆ.

ಅವಳು ನಕ್ಕು ತಿದ್ದಿದಳು.
ಮಾರಿವಿಕ್ ತಿದ್ದಲಿಲ್ಲ.