ಐವತ್ತನೆಯ ಅಕ್ಷರ

ತಾರಾಮತಿ ತಾಂಡೇಲರ ಕೈಬರಹ ಓದಬಲ್ಲವರು
ಕಾರವಾರದಲ್ಲಿ ಇಬ್ಬರೇ:
ಬೈತಖೋಲದ ಐಸ್ ಫ್ಯಾಕ್ಟರಿಯ ಮಾಲೀಕ, ಮತ್ತು ನಾನು.
ಅವನಿಗೆ ಹಗಲಿನ ಲೆಕ್ಕ,
ನನಗೆ ರಾತ್ರಿಯದು.

ಬಿಲ್ಲಿನ ಬೆನ್ನಿಗೇ ಬರೆಯುವುದು. ಈ ಕಡೆ
ಹನ್ನೆರಡು ಬ್ಲಾಕ್, ದೋಣಿಯ ಹೆಸರು, ಬಾಕಿ;
ಆ ಕಡೆ ಏಳು ವರ್ಷದ ರಾಣಿಯೊಬ್ಬಳು
ಇಳಿತದ ನೀರಿನ ಹಿಂದೆ ಹಿಂದೆಯೇ ನಡೆದು
ಸಮುದ್ರದ ತಳ ಮುಟ್ಟಿದ್ದಾಳೆ.
ಕಾಗದ ತೆಳು. ಬೆಳಕಿಗೆ ಹಿಡಿದರೆ
ರಾಣಿಯ ಹಣೆಯ ಮೇಲೆ ಬಾಕಿ ಕಾಣುತ್ತದೆ.

ಪುಟಕ್ಕೆ ಹದಿನೈದು ರೂಪಾಯಿ ನನ್ನ ದರ.
ಮೊದಲ ಸಂಪುಟದ ಇಪ್ಪತ್ಮೂರನೇ ಪುಟದಲ್ಲಿ ನಿಂತುಬಿಟ್ಟೆ.
ಅಲ್ಲೊಂದು ಅಕ್ಷರ. ಸ ಅಲ್ಲ, ಹ ಅಲ್ಲ,
ಳಕಾರಕ್ಕೆ ಬಾಲ ಬಂದು ಒಳಕ್ಕೆ ಸುತ್ತಿಕೊಂಡ ಹಾಗೆ.
ಅಕ್ಕೋರೆ, ಇದೇನು?
"ಆ ಊರಿನವರ ಅಕ್ಷರ. ನಮ್ಮಲ್ಲಿಲ್ಲ."
ಉಚ್ಚಾರ?
ಪೆನ್ನು ಕೆಳಗಿಟ್ಟರು. "ತೆರೆ ವಾಪಸ್ ಹೋಗುವಾಗ
ಬೆಳಚಿನ ಚಿಪ್ಪುಗಳ ಸಂದಿಯಲ್ಲಿ ಆಗುತ್ತದಲ್ಲ, ಅದು.
ಬರುವಾಗಿನದಲ್ಲ. ಹೋಗುವಾಗಿನದು."

ಕಂಪ್ಯೂಟರಿನ ಎಲ್ಲ ಫಾಂಟು ಜಾಲಾಡಿದೆ.
ನಲವತ್ತೊಂಬತ್ತೂ ಇದ್ದವು, ತೀರಿಹೋದ ಱ, ೞ ಕೂಡ
ಮೂಲೆಯಲ್ಲಿ ಉಸಿರು ಹಿಡಿದು ಕೂತಿದ್ದವು.
ಇದೊಂದಿಲ್ಲ.
ಬಂದಲ್ಲೆಲ್ಲ ಜಾಗ ಬಿಟ್ಟೆ. ಮುನ್ನೂರು ಪ್ರತಿ ಅಚ್ಚಾಗಿ ಬಂದವು.
ಅವರ ಜಗುಲಿಯಲ್ಲಿ, ಮೂರು ಭಾನುವಾರ,
ನಾವಿಬ್ಬರು, ಜೊತೆಗೆ ಅವರ ತಂಗಿಯ ಮಗ ರೋಹಿದಾಸ,
ಕಪ್ಪು ಶಾಯಿಯಲ್ಲಿ ಒಂದೊಂದೇ ತುಂಬಿದೆವು.
ರೋಹಿದಾಸ ಬರೆದದ್ದೆಲ್ಲ ಗಾಳದ ಹಾಗಿದೆ.
ನಿಮ್ಮ ಪ್ರತಿಯಲ್ಲಿ ಗಾಳವಿದ್ದರೆ ಅದೂ ಸರಿಯೇ.

ಮೂರನೇ ಸಂಪುಟದಲ್ಲಿ ನೀರಗರುಡ ಸತ್ತಿತು.
ನಾನು ಕಣ್ಣೊರೆಸಿಕೊಂಡು ಟೈಪ್ ಮಾಡುತ್ತಿದ್ದೇನೆ, ಮುಂದಿನ ಸಾಲಿನಲ್ಲೇ
ಹೆಣ ಕೆಡದಿರಲು ಬೇಕಾದ ಮಂಜುಗಡ್ಡೆಯ ಲೆಕ್ಕ:
ಸಾವಿರದ ನಾನೂರು ಬ್ಲಾಕ್, ಮರದ ಹೊಟ್ಟು ಬೇರೆ,
ದಾರಿಯಲ್ಲಿ ಕರಗುವ ಪಾಲು ನೂರಕ್ಕೆ ಎಂಟು.
ಇದು ಬೇಕೇ ಅಂದೆ.
"ಅಷ್ಟು ದೊಡ್ಡದಿತ್ತು ಅಂತ ಮತ್ತೆ ಹೇಗೆ ನಂಬುತ್ತೀಯ?"

ಧಾರವಾಡದಿಂದ ಪ್ರಾಧ್ಯಾಪಕರೊಬ್ಬರು ಬಂದಿದ್ದರು.
ಸೋಲ್‌ಕಡಿ ಕುಡಿದು, ನಕಾಶೆ ನೋಡಿ, ಕನ್ನಡಕ ಒರೆಸಿ,
ನೌಕಾನೆಲೆಯ ಬೇಲಿಯೊಳಗೆ ಹೋಯಿತಲ್ಲ ನಿಮ್ಮ ಊರು,
ಅದೇ ಅಲ್ಲವೇ ಇದು, ರೂಪಕವಾಗಿ?
ನಾನೂ ಹಾಗೇ ತಿಳಿದಿದ್ದೆ, ಸುಳ್ಳೇಕೆ.
"ನಾ ರೇ, ನಾ," ಅಂದರು ನನ್ನ ಮುಖ ನೋಡಿ. ಆಮೇಲೆ ಅವರಿಗೆ:
"ಅಲ್ಲ ಸರ್. ಆ ಊರಿಗೆ ಸರ್ವೆ ನಂಬರ್ ಇತ್ತು,
ಪರಿಹಾರದ ಚೆಕ್ಕಿಗೂ ನಂಬರ್ ಇತ್ತು.
ಒಂದು ಬಾವಿ, ಹನ್ನೊಂದು ತೆಂಗು, ಬಲೆ ಒಣಗಿಸುವ ಕಟ್ಟೆ,
ಎಲ್ಲಕ್ಕೂ ದುಡ್ಡು ಕೊಟ್ಟು ರಸೀದಿ ಪಡೆದಿದ್ದಾರೆ.
ಈ ಊರಿಗೆ ಇನ್ನೂ ಯಾರೂ ಸರಪಳಿ ಹಿಡಿದು ಬಂದಿಲ್ಲ.
ಬಂದರೂ ಹೆಸರು ಬರೆದುಕೊಳ್ಳಲಾರರು.
ಅಕ್ಷರ ಇಲ್ಲ."

ಈಗ ಏಳನೇ ಸಂಪುಟ ನಡೆದಿದೆ.
ನಡುವೆ ನನ್ನ ಹೊಟ್ಟೆಪಾಡಿನ ಕೆಲಸ: ಅಫಿಡವಿಟ್, ಮದುವೆ ಕಾಗದ,
ನಿನ್ನೆ ಒಂದು ಬಾಡಿಗೆ ಕರಾರು.
ಎರಡನೇ ಪುಟದಲ್ಲಿ, ಯಾಕೋ,
ಬೆರಳು ತಾನಾಗಿ ಹೋಗಿ ಇಲ್ಲದ ಕೀಲಿಯ ಮೇಲೆ ಕೂತಿತು.
ಕಿಟಕಿಯಾಚೆ ನೀರು ಇಳಿಯುವ ಹೊತ್ತು.
ಏನಾಯಿತು ಅಂದ, ಮನೆಯ ಯಜಮಾನ.
ಏನಿಲ್ಲ, ಒಂದು ಜಾಗ ಖಾಲಿ ಬಿಟ್ಟಿದ್ದೇನೆ,
ಪೆನ್ನಿನಲ್ಲಿ ತುಂಬಿಕೊಳ್ಳಿ.