ಚಿತ್ರ ಸಹಿತ ವಿವರಿಸಿ

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ವಿಜ್ಞಾನ ಮೂವತ್ತೊಂದು.
ಬಿಟ್ಟು ಬಂದ ಪ್ರಶ್ನೆ ಇನ್ನೂ ನೆನಪಿದೆ:
ಆಸವನ ಎಂದರೇನು? ಚಿತ್ರ ಸಹಿತ ವಿವರಿಸಿ. ನಾಲ್ಕು ಅಂಕ.
ಆ ಹೊತ್ತಿಗೆ ಕಿಟಕಿಯಾಚೆ ಹೆಜಮಾಡಿಯ ದೋಣಿಗಳು ದಡಕ್ಕೆ ಬರುತ್ತಿದ್ದವು.
ಯಾರ ಬಲೆಯಲ್ಲಿ ಎಷ್ಟು ಬಂಗುಡೆ, ಲೆಕ್ಕ ಹಾಕುತ್ತ ಕೂತಿದ್ದೆ.

ಈಗ ಬರ್ಕಾ. ಹನ್ನೆರಡು ವರ್ಷ.
ರಾತ್ರಿ ಪಾಳಿ, ಮೂರನೇ ಘಟಕ.
ಒಮಾನಿನ ಕಡಲನ್ನು ಕೊಳವೆಯಲ್ಲಿ ಎಳೆದು
ಕುದಿಸಿ, ಆವಿ ಮಾಡಿ, ತಣಿಸಿ
ಊರಿಗೆ ಕುಡಿಯಲು ಕಳಿಸುತ್ತೇವೆ.
ಯಾವ ವಾಲ್ವಿಗೆ ಎಷ್ಟು ಸುತ್ತು, ನನ್ನ ಮಣಿಕಟ್ಟಿಗೆ ಗೊತ್ತು.
ಅದಕ್ಕೊಂದು ಹೆಸರಿದೆ ಎಂಬುದೇ ಮರೆತಿತ್ತು.

ಶುಕ್ರವಾರ. ಇನ್ನೂ ಅರ್ಧ ನಿದ್ದೆ ಬಾಕಿ.
ಪ್ರಾಪ್ತಿ ಬಂದು ಕಾಲಿನ ಹೆಬ್ಬೆರಳು ಎಳೆದಳು:
"ಅಪ್ಪಾ, ಲವೀನಾ ಟೀಚರ್ ಹೇಳಿದ್ದಾರೆ,
ಮನೆಯಲ್ಲೇ ಮಾಡಬೇಕು, ಬೆಂಕಿ ಮುಟ್ಟುವ ಹಾಗಿಲ್ಲ."
ಲಬಾನಿನ ಖಾಲಿ ಬಾಟಲಿಯಲ್ಲಿ
ನಿನ್ನೆಯೇ ಕಡಲು ತುಂಬಿಟ್ಟಿದ್ದಳು.
ಅವಳ ಪುಸ್ತಕ ಇಂಗ್ಲಿಷಿನದು. ನಾನು ಫೇಲಾದದ್ದು ಕನ್ನಡದಲ್ಲಿ.
ನಡುವೆ ಒಂದು ಚಿತ್ರವಿತ್ತು, ಅದು ಇಬ್ಬರಿಗೂ ತಿಳಿಯಿತು.

ಹೇಮಲತಳ ಹಿಟ್ಟು ಕಲಸುವ ಬೋಗುಣಿ ಬಂತು, ಅವಳನ್ನು ಕೇಳದೆ.
ಅದರಲ್ಲಿ ಎರಡು ಬೆರಳು ಕಡಲು,
ನಡುವೆ ಸುಲೈಮಾನಿ ಕುಡಿಯುವ ಗಾಜಿನ ಲೋಟ, ಖಾಲಿ.
ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಸುತ್ತ ರಬ್ಬರ್ ಬ್ಯಾಂಡು.
ಹಾಳೆಯ ಮೇಲೆ, ಸರಿಯಾಗಿ ಲೋಟದ ನೆತ್ತಿಗೆ, ಏನಾದರೂ ಭಾರ ಬೇಕು.
ಖರ್ಜೂರದ ಬೀಜ ಇಟ್ಟಳು, ಹಗುರ.
ಐವತ್ತು ಬೈಸಾ ನಾಣ್ಯ, ಅದೂ ಹಗುರ.
ನನ್ನ ಜೇಬಿಗೆ ಕೈ ಹಾಕಿ ಲಾಕರಿನ ಕೀಲಿ ತೆಗೆದಳು.
ಹಾಳೆ ತಗ್ಗಿತು.

ಟೆರೇಸಿನಲ್ಲಿ ಆಗಸ್ಟ್ ತಿಂಗಳು.
ಚಪ್ಪಲಿಯ ಅಟ್ಟೆ ಮೆತ್ತಗಾಗುವ ಬಿಸಿಲು,
ಬಂದ ದಿನದಿಂದ ನಾವೆಲ್ಲ ಬೈಯುತ್ತಿರುವ ಬಿಸಿಲು,
ಅದಕ್ಕೂ ಯಾರೋ ಒಂದು ಕೆಲಸ ಹಚ್ಚಿದ್ದರು.

ಹತ್ತು ಗಂಟೆಗೆ ಹಾಳೆಯ ಒಳಮೈ ಮಬ್ಬು.
ಹನ್ನೊಂದಕ್ಕೆ ಮಬ್ಬು ಬೊಟ್ಟುಬೊಟ್ಟಾಯಿತು.
ಹನ್ನೆರಡಕ್ಕೆ ಗಾಳಿ ಬೀಸಿ, ರಬ್ಬರ್ ಬ್ಯಾಂಡು ಹಾರಿ, ಎಲ್ಲ ಹಾಳು.
ಅತ್ತಳು. ಮತ್ತೆ ಕಟ್ಟಿದೆವು, ಈ ಸಲ ದಾರದಿಂದ,
ಬಲೆಗೆ ಹಾಕುವ ಗಂಟು.
ಅಜ್ಜ ಕಲಿಸಿದ್ದು. ಯಾವ ಪರೀಕ್ಷೆಯಲ್ಲೂ ಬರಲೇ ಇಲ್ಲ.

ಆಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಮಂಡಿಯೂರಿ
ಇಬ್ಬರೂ ಒಂದೇ ಹನಿಯನ್ನು ನೋಡಿದೆವು:
ಅಂಚಿನಲ್ಲಿ ಹುಟ್ಟಿ, ಪಕ್ಕದ್ದನ್ನು ಸೇರಿಸಿಕೊಂಡು, ದಪ್ಪಗಾಗಿ,
ಇಳಿಜಾರಿನಲ್ಲಿ ಜಾರಿ, ಕೀಲಿಯ ಕೆಳಗೆ ಬಂದು
ಹಿಂಜರಿದು ಹಿಂಜರಿದು
ಟಪ್.
ಇಷ್ಟು ವರ್ಷದಲ್ಲಿ ಎಷ್ಟು ಕೋಟಿ ಲೀಟರ್ ಕಳಿಸಿದ್ದೇನೋ.
ಒಂದು ಹನಿಯೂ ಬೀಳುವುದನ್ನು ಕಂಡಿರಲಿಲ್ಲ.

ಮಗ್ರಿಬ್ ಬಾಂಗಿನ ಹೊತ್ತಿಗೆ ಎರಡೂವರೆ ಚಮಚ.
ನನಗೊಂದು, ಅವಳಿಗೊಂದು,
ಬೋಗುಣಿಗಾಗಿ ಮೇಲೆ ಬಂದ ಹೇಮಲತಳಿಗೆ ಉಳಿದರ್ಧ.
"ರುಚಿಯೇ ಇಲ್ಲ," ಪ್ರಾಪ್ತಿಯ ಮುಖ ಸಣ್ಣದಾಯಿತು.
"ಅದಕ್ಕೇ ಮಗಾ ನನಗೆ ಸಂಬಳ."

ಬೋಗುಣಿಯ ಬದಿಯಲ್ಲಿ ಬಿಳಿ ಗೆರೆ. ಬೆರಳಿನಲ್ಲಿ ಒರೆಸಿ ನೆಕ್ಕಿದಳು.
"ಈ ಉಪ್ಪೆಲ್ಲ ನಿಮ್ಮಲ್ಲಿ ಎಲ್ಲಿಗೆ ಹೋಗುತ್ತದೆ?"
"ಕಡಲಿಗೇ ವಾಪಸು."
"ಹಾಗಾದರೆ ಕಡಲು ಇನ್ನೂ ಉಪ್ಪಾಗುವುದಿಲ್ಲವಾ?"
ಕೆಳಗೆ ಕಂಪನಿಯ ಬಸ್ಸು ಹಾರ್ನ್ ಹೊಡೆಯಿತು.
ಒಳ್ಳೆಯದಾಯಿತು.

ಲಾಕರಿನ ಮುಂದೆ ನಿಂತು ಜೇಬು ತಡವಿದಾಗಲೇ ಹೊಳೆದದ್ದು.
ಮೊಫಿಜುಲ್ ತನ್ನ ಇನ್ನೊಂದು ಕೋಟು ಕೊಟ್ಟ, ಮೊಣಕೈಗೇ ಮುಗಿಯುವ ತೋಳು.
"ಕೀಲಿ ಎಲ್ಲಿ ಹಾಕಿದೆ?" ಎಂದ.
ಬಾಯಲ್ಲಿ ಹೇಳಲು ಹೋದೆ, ಆಗಲಿಲ್ಲ.
ಲಾಗ್ ಪುಸ್ತಕದ ಕೊನೆಯ ಹಾಳೆ ತೆಗೆದು ಬರೆದೆ:
ಬೋಗುಣಿ, ಲೋಟ, ಮೇಲೆ ತಗ್ಗಿದ ಹಾಳೆ, ನಟ್ಟ ನಡುವೆ ಕೀಲಿ.
ಬಿಸಿಲಿಗೆ ಓರೆ ಗೆರೆ, ಹನಿಗೆ ಬಾಣ.
ಭಾಗಗಳನ್ನೂ ಗುರುತಿಸಿದೆ.